ಆಪರೇಷನ್ ಆಕೆಗೆ, ಸಹಿ ಯಾರದ್ದು?

ಒಂದು ಕಾಲದಲ್ಲಿ ಇಡೀ ಜಮಾಅತ್‌ನಲ್ಲಿ ಹುಡುಕಿದರೂ ಒಬ್ಬ ಡಾಕ್ಟರ್ ಸಿಗುವುದು ಕಷ್ಟವಿತ್ತು. ಈಗ ಹಾಗಿಲ್ಲ. ನಮ್ಮ ಮದ್ರಸಗಳಲ್ಲಿ ಅಲಿಫ್, ಬಾ ಕಲಿತ ಮಕ್ಕಳು ಎಂಬಿಬಿಎಸ್, ಬಿಡಿಎಸ್, ಬಿಎಎಂಎಸ್, ನರ್ಸಿಂಗ್, ಫಾರ್ಮಸಿ ಓದಿ ಮಂಗಳೂರು, ಮೈಸೂರು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಗಲ್ಫ್‌ನ ಆಸ್ಪತ್ರೆಗಳಲ್ಲೂ ನಮ್ಮ ಹುಡುಗ ಹುಡುಗಿಯರಿದ್ದಾರೆ. ಸಂತೋಷಪಡಬೇಕಾದ ವಿಷಯ, ಅಲ್‌ಹಮ್ದುಲಿಲ್ಲಾಹ್. ಆದರೆ ಮನೆಯಲ್ಲಿ ಒಬ್ಬರು ಡಾಕ್ಟರ್ ಆದರೆಂದರೆ ನಾವು ಕೇಳುವುದು ಸೀಟಿಗೆ ಎಷ್ಟಾಯ್ತು, ಸಂಬಳ ಎಷ್ಟು ಅಂತ ಮಾತ್ರ. ಇನ್ನೊಬ್ಬರ ಮೈಮೇಲೆ ಕೈ ಇಡುವ ಮೊದಲು ಕಾನೂನು ಅವರಿಂದ ಏನು ಬಯಸುತ್ತದೆ ಎಂಬ ಮಾತು ನಮ್ಮ ಸಭೆಗಳಲ್ಲಾಗಲಿ, ಸನ್ಮಾನ ಕಾರ್ಯಕ್ರಮಗಳಲ್ಲಾಗಲಿ ಬರುವುದೇ ಇಲ್ಲ.

ನಾವಿರುವುದು ಮೈಸೂರಿನ ಲಕ್ಷ್ಮೀಪುರಂನಲ್ಲಿ. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, ದೊಡ್ಡ ಖಾಸಗಿ ಆಸ್ಪತ್ರೆಗಳು ಎಲ್ಲವೂ ಇಲ್ಲಿಂದ ಆಟೋ ಹಿಡಿದು ಹೋಗುವಷ್ಟು ದೂರ. ಕೊಡಗಿನಿಂದ, ಸುಳ್ಯ, ಪುತ್ತೂರು ಕಡೆಯಿಂದ ಚಿಕಿತ್ಸೆಗೆಂದು ಬರುವ ನಮ್ಮವರು ಪರಿಚಯ ಹಿಡಿದು ಬರುತ್ತಾರೆ. ಕೈಯಲ್ಲಿ ಆಸ್ಪತ್ರೆಯ ಫೈಲ್. ಎಲ್ಲ ಇಂಗ್ಲಿಷ್. ‘ಉಸ್ತಾದ್, ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ನೋಡಿ ಹೇಳಿ’ ಎನ್ನುತ್ತಾರೆ. ಆ ಫೈಲ್‌ಗಳಲ್ಲಿ ನಮಗೆ ಮತ್ತೆ ಮತ್ತೆ ಕಂಡ ಒಂದು ಸಂಗತಿಯೇ ಈ ಲೇಖನಕ್ಕೆ ಕಾರಣ. ರೋಗಿ ಹೆಂಗಸು. ವಯಸ್ಸು ಮೂವತ್ತೈದೋ ನಲ್ವತ್ತೋ. ಪ್ರಜ್ಞೆ ಇದೆ, ಓದು ಬರಹ ಬರುತ್ತದೆ. ಆಪರೇಷನ್‌ಗೆ ಒಪ್ಪಿದೆ ಎಂಬ ಕಾಗದದ ಕೆಳಗೆ ಸಹಿ ಮಾತ್ರ ಗಂಡನದು, ಇಲ್ಲವೇ ಅಣ್ಣನದು. ಕೇಳಿದರೆ ‘ಅವಳಿಗೇನು ಗೊತ್ತಾಗ್ತದೆ ಉಸ್ತಾದ್, ಹೇಳಿದ್ರೆ ಹೆದರ್ತಾಳೆ’ ಎಂಬ ಉತ್ತರ.

ಈ ಉತ್ತರ ಪ್ರೀತಿಯಿಂದಲೇ ಬಂದಿರಬಹುದು. ಆದರೆ ಕಾನೂನಿನ ಪ್ರಕಾರ ಇದು ತಪ್ಪು. ಡಾಕ್ಟರ್ ಕೈಗೆ ಒಪ್ಪಿಸಿದ ದೇಹ ಒಂದು ಅಮಾನತ್ ಇದ್ದ ಹಾಗೆ. ಆ ಅಮಾನತ್‌ನ ಒಡೆತನ ಕುಟುಂಬದ್ದು, ಅದರಲ್ಲೂ ಮನೆಯ ಗಂಡಸರದ್ದು ಎಂದು ನಾವು ತಿಳಿದಿದ್ದೇವೆ. ರೋಗಿಯದ್ದು ಎನ್ನುತ್ತದೆ ಕಾನೂನು. ವೈದ್ಯಕೀಯ ವೃತ್ತಿಯವರು ತಿಳಿದಿರಬೇಕಾದ ನಿಯಮಗಳಲ್ಲಿ ಮುಖ್ಯವಾದ ಒಪ್ಪಿಗೆ, ಗುಟ್ಟು, ದಾಖಲೆ ಈ ಮೂರೂ ಅಲ್ಲಿಂದಲೇ ಹೊರಡುತ್ತವೆ.

ಉಮ್ಮ ಕೊಟ್ಟ ಒಪ್ಪಿಗೆಯೂ ಸಾಲದು

1995ರಲ್ಲಿ ದಿಲ್ಲಿಯಲ್ಲಿ ನಡೆದ ಒಂದು ಘಟನೆ. 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ವಿಪರೀತ ರಕ್ತಸ್ರಾವಕ್ಕೆ ಡಾಕ್ಟರ್ ಬಳಿ ಹೋದರು. ಒಳಗೆ ಏನಾಗಿದೆ ಎಂದು ನೋಡಲು ಲ್ಯಾಪರೊಸ್ಕೊಪಿ ಮಾಡಬೇಕೆಂದರು. ಅದಕ್ಕೆ ಆಕೆ ಸಹಿ ಹಾಕಿದರು. ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ ಸಹಾಯಕ ವೈದ್ಯರು ಹೊರಗೆ ಬಂದು, ಗರ್ಭಕೋಶ ತೆಗೆಯಬೇಕಾಗಿದೆ ಎಂದು ಕಾದು ಕುಳಿತಿದ್ದ ತಾಯಿಯಿಂದ ಒಪ್ಪಿಗೆ ಪಡೆದರು. ಎಚ್ಚರವಾದಾಗ ಆಕೆಯ ಗರ್ಭಕೋಶವೂ ಇಲ್ಲ, ಅಂಡಾಶಯವೂ ಇಲ್ಲ.

ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. 2008ರ ಜನವರಿ 16ರಂದು ತೀರ್ಪು ಬಂತು. ಡಾಕ್ಟರ್ ದುರುದ್ದೇಶದಿಂದ ಹೀಗೆ ಮಾಡಿದರು ಅಂತ ಕೋರ್ಟ್ ಹೇಳಲಿಲ್ಲ. ರೋಗಿಗೆ ಒಳ್ಳೆಯದಾಗಲಿ ಎಂದೇ ಮಾಡಿರಬಹುದು. ಆದರೂ ತಪ್ಪು ತಪ್ಪೇ ಎಂದಿತು. ರೋಗಿ ವಯಸ್ಕಳು. ಎಚ್ಚರವಾಗುವ ತನಕ ಕಾಯುವುದಕ್ಕೆ ಜೀವಕ್ಕೆ ಅಪಾಯವೇನೂ ಇರಲಿಲ್ಲ. ಅಂಥ ಸಂದರ್ಭದಲ್ಲಿ ಹೆತ್ತ ತಾಯಿಯ ಒಪ್ಪಿಗೆಗೂ ಕಾನೂನಿನಲ್ಲಿ ಬೆಲೆ ಇಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ, ಒಂದು ಆಪರೇಷನ್‌ಗೆ ಕೊಟ್ಟದ್ದು ಇನ್ನೊಂದಕ್ಕೆ ಆಗುವುದಿಲ್ಲ. ಕೊಡಿಸಿದ ಪರಿಹಾರ 25,000 ರೂಪಾಯಿ ಮಾತ್ರ, ಜೊತೆಗೆ ಡಾಕ್ಟರ್ ಫೀಸನ್ನೂ ಬಿಡಬೇಕಾಯಿತು. ಮೊತ್ತ ಸಣ್ಣದು. ಆದರೆ ಅಂದು ಹೇಳಿದ ನಿಯಮ ಇವತ್ತಿಗೂ ದೇಶದ ಎಲ್ಲ ಆಸ್ಪತ್ರೆಗಳಿಗೆ ಅನ್ವಯಿಸುತ್ತದೆ.

ಇಲ್ಲಿ ಒಂದು ಗೊಂದಲ ಇದೆ, ಅದನ್ನೂ ಹೇಳಿಬಿಡಬೇಕು. ಡಾಕ್ಟರ್‌ಗಳ ವೃತ್ತಿ ನಡವಳಿಕೆಗೆ 2002ರಲ್ಲಿ ಮೆಡಿಕಲ್ ಕೌನ್ಸಿಲ್ ಮಾಡಿದ ನಿಯಮಾವಳಿ ಇದೆ. ಆಪರೇಷನ್‌ಗೆ ಮುಂಚೆ ಗಂಡ ಅಥವಾ ಹೆಂಡತಿಯಿಂದ, ಮಕ್ಕಳಾದರೆ ತಂದೆ ತಾಯಿ ಅಥವಾ ಪೋಷಕರಿಂದ, ಇಲ್ಲವೇ ಸಂದರ್ಭಕ್ಕೆ ತಕ್ಕಂತೆ ರೋಗಿಯಿಂದಲೇ ಲಿಖಿತ ಒಪ್ಪಿಗೆ ಪಡೆಯಬೇಕು ಎಂಬ ಅರ್ಥದ ಮಾತು ಅದರಲ್ಲಿದೆ. ಇದನ್ನು ಹಿಡಿದುಕೊಂಡು ಗಂಡ ಸಹಿ ಹಾಕಿದರೆ ಸಾಕು ಎನ್ನುವವರಿದ್ದಾರೆ. 2008ರ ತೀರ್ಪಿನ ನಂತರ ಆ ವಾದ ನಿಲ್ಲುವುದಿಲ್ಲ. ಮಕ್ಕಳಾಗದಂತೆ ಆಗುವ ಆಪರೇಷನ್‌ಗೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಬೇಕು ಎಂದು ಅದೇ ನಿಯಮಾವಳಿ ಹೇಳುತ್ತದೆ, ನಿಜ. ಆದರೆ ಅಲ್ಲೂ ಗಂಡನ ಸಹಿ ಹೆಂಡತಿಯ ಸಹಿಯ ಜೊತೆಗೆ ಬರಬೇಕೇ ಹೊರತು ಅದರ ಬದಲಿಗೆ ಬರುವಂತಿಲ್ಲ. ಗರ್ಭಪಾತದ ಕಾನೂನಂತೂ 18 ತುಂಬಿದ, ಮಾನಸಿಕ ಸ್ವಾಸ್ಥ್ಯ ಇರುವ ಮಹಿಳೆಯ ಒಪ್ಪಿಗೆಯನ್ನು ಮಾತ್ರ ಕೇಳುತ್ತದೆ, ಗಂಡನದನ್ನು ಕೇಳುವುದೇ ಇಲ್ಲ. ಅದರ ಧಾರ್ಮಿಕ ವಿಧಿ ಬೇರೆ ವಿಷಯ, ಅದನ್ನು ಉಲಮಾಗಳ ಹತ್ತಿರ ಕೇಳಿ ತಿಳಿಯಬಹುದು. ಡಾಕ್ಟರ್ ಕೇಳಬೇಕಾದದ್ದು ಯಾರನ್ನು ಎಂಬುದರಲ್ಲಿ ಕಾನೂನಿಗೆ ಅನುಮಾನ ಇಲ್ಲ.

ನಿಕಾಹ್‌ಗೆ ಮುಂಚೆ ಹುಡುಗಿಯ ಒಪ್ಪಿಗೆ ಕೇಳಬೇಕು ಎಂದು ನಾವು ಮದ್ರಸದಲ್ಲಿ ಪಾಠ ಹೇಳುತ್ತೇವೆ. ಅದೇ ಹುಡುಗಿ ಮದುವೆಯಾಗಿ, ಎರಡು ಮಕ್ಕಳ ಉಮ್ಮ ಆಗಿ, ಆಪರೇಷನ್ ಟೇಬಲ್ ಮೇಲೆ ಮಲಗುವಾಗ ಯಾರೂ ಕೇಳುವುದಿಲ್ಲ ಎಂದರೆ ನಮ್ಮ ಪಾಠ ಎಲ್ಲಿಗೆ ಹೋಯ್ತು?

ಸಹಿ ಇದ್ದರೆ ಸಾಕೇ?

ಸಹಿ ಹಾಕಿದ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. ಕಾಯಿಲೆ ಏನು, ಮಾಡುವುದು ಏನು, ಮಾಡಿದರೆ ಏನು ಅಪಾಯ, ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಏನಾದರೂ ಇದೆಯೇ, ಇಷ್ಟನ್ನು ರೋಗಿಗೆ ತಿಳಿಯುವ ಹಾಗೆ ಹೇಳಬೇಕು ಎಂದು ಅದೇ ತೀರ್ಪು ಹೇಳಿದೆ. ಬ್ಯಾರಿ ಮಾತ್ರ ಬರುವ ಅಜ್ಜಿಗೆ ಇಂಗ್ಲಿಷ್ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ತಿಳಿಸಿದ ಹಾಗೆ ಆಗುವುದಿಲ್ಲ. ಸ್ಟ್ರೆಚರ್ ಎಳೆಯುತ್ತಾ ಹತ್ತು ಕಡೆ ಸಹಿ ಹಾಕಿಸಿಕೊಳ್ಳುವುದೂ ಅಷ್ಟೇ.

ಸಹಿ ಇದ್ದೂ ಒಪ್ಪಿಗೆ ಇಲ್ಲದಿರುವುದು ಹೇಗೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನೋವಿನ ಉದಾಹರಣೆ ಇದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದಿದ್ದಾರೆ ಎಂಬ ದೂರು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಯಿತು. ಆರೋಗ್ಯ ಇಲಾಖೆಯ ಸಮಿತಿ ತನಿಖೆ ಮಾಡಿತು. ಮುಂದೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯ ಬಗ್ಗೆಯೂ ಇಂಥದೇ ದೂರು ಬಂತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ‘ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿದ್ದರು ಎಂದು ಆ ಮಹಿಳೆಯರು ಹೇಳಿಕೊಂಡರು. ಹೆದರಿ ಹಾಕಿದ ಸಹಿ ಅದು. 2023ರ ಏಪ್ರಿಲ್‌ನಲ್ಲಿ ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಇಂಥದೇ ದೂರುಗಳನ್ನು ವಿಚಾರಿಸಿದ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ಮಾಡಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿ ಎಂದು ರಾಜ್ಯಗಳಿಗೆ ಆದೇಶಿಸಿತು.

ಅಪಾಯ ಹೇಳದೆ ಹೆದರಿಸುವುದು ಒಂದು ಕಡೆಯಾದರೆ, ಹೆದರುತ್ತಾರೆಂದು ಅಪಾಯವನ್ನೇ ಮುಚ್ಚಿಡುವುದು ಇನ್ನೊಂದು ಕಡೆ. ಸ್ಕಾಟ್ಲೆಂಡಿನಲ್ಲಿ ಸಕ್ಕರೆ ಕಾಯಿಲೆ ಇದ್ದ, ಕುಳ್ಳಗಿನ ಗರ್ಭಿಣಿಯೊಬ್ಬರಿಗೆ ಮಗು ದಪ್ಪ ಇರುವುದರಿಂದ ಹೆರಿಗೆಯಲ್ಲಿ ಭುಜ ಸಿಕ್ಕಿಹಾಕಿಕೊಳ್ಳುವ ಅಪಾಯ ಇದೆ ಎಂಬುದನ್ನು ಡಾಕ್ಟರ್ ಹೇಳಲಿಲ್ಲ. ಹೇಳಿದರೆ ಸಿಸೇರಿಯನ್ ಕೇಳುತ್ತಾರೆ ಎಂಬುದು ಡಾಕ್ಟರ್ ಲೆಕ್ಕ. ಕೊನೆಗೆ ಅದೇ ಆಯಿತು. ಮಗು ಉಸಿರುಗಟ್ಟಿ ಜೀವನಪೂರ್ತಿ ಅಂಗವೈಕಲ್ಯದಲ್ಲಿ ಉಳಿಯಿತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅಪಾಯವನ್ನು ತಿಳಿಯುವ ಹಕ್ಕು ಆ ತಾಯಿಗೆ ಇತ್ತು, ತೀರ್ಮಾನವೂ ಆಕೆಯದ್ದೇ ಆಗಬೇಕಿತ್ತು ಎಂದು ಹೇಳಿತು. ‘ಹೇಳಿದ್ರೆ ಹೆದರ್ತಾಳೆ’ ಎಂಬ ನಮ್ಮ ಮನೆಯ ಮಾತಿಗೂ ಇದೇ ಉತ್ತರ.

ನಮ್ಮ ಮನೆಗಳ ಹೆಂಗಸರು ಡಾಕ್ಟರ್ ಎದುರು ಬಾಯಿ ಬಿಡುವುದು ಕಡಿಮೆ. ಗಂಡ ಮಾತಾಡುತ್ತಾನೆ, ಆಕೆ ತಲೆ ಆಡಿಸುತ್ತಾಳೆ. ಹಾಗಾಗಿ ನಮ್ಮ ಡಾಕ್ಟರ್ ಮಕ್ಕಳಿಗೆ, ನರ್ಸ್ ಮಕ್ಕಳಿಗೆ ಒಂದು ಮಾತು. ಐದು ನಿಮಿಷ ಗಂಡನನ್ನು ಹೊರಗೆ ಕೂರಿಸಿ. ಒಬ್ಬ ನರ್ಸ್ ಜೊತೆಗಿರಲಿ. ಆಕೆಯ ಭಾಷೆಯಲ್ಲಿ ಆಕೆಯನ್ನೇ ಕೇಳಿ. ಬ್ಯಾರಿ ಮಾತಾಡುವ ನರ್ಸ್ ಒಬ್ಬಳು ವಾರ್ಡ್‌ನಲ್ಲಿದ್ದರೆ ಅದೆಷ್ಟು ದೊಡ್ಡ ಉಪಕಾರ ಎಂಬುದು ಆ ರೋಗಿಗೇ ಗೊತ್ತು.

ಕೇಳುತ್ತಾ ಕೂರಬಾರದ ಹೊತ್ತು, ಕೇಳಿದರೂ ಮಾಡಬಾರದ ಕೆಲಸ

ಒಪ್ಪಿಗೆಯ ನಿಯಮಕ್ಕೆ ಎರಡು ಮಿತಿ ಇವೆ. ಮೊದಲನೆಯದು ತುರ್ತು. ಅಪಘಾತವಾಗಿ ಪ್ರಜ್ಞೆ ತಪ್ಪಿ ಬಂದವನ ಜೀವ ಉಳಿಸಲು ಸಹಿಗಾಗಿ ಕಾಯಬೇಕಾಗಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ ಅಂಥ ಚಿಕಿತ್ಸೆಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಅದು 92ನೇ ಸೆಕ್ಷನ್ ಆಗಿತ್ತು. ಪೊಲೀಸ್ ಕೇಸ್ ಇರಲಿ, ದುಡ್ಡಿಲ್ಲದಿರಲಿ, ಮೊದಲು ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ಡಾಕ್ಟರ್‌ನ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆದರೂ 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಏನಾಯಿತು? ತಮಿಳುನಾಡು ಮೂಲದ ತುಂಬು ಗರ್ಭಿಣಿಯೊಬ್ಬರು ಜಿಲ್ಲಾಸ್ಪತ್ರೆಗೆ ಹೋದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ವಾಪಸ್ ಕಳುಹಿಸಿದರು ಎಂಬುದು ಆರೋಪ. ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಅವಳಿ ಮಕ್ಕಳೂ ತೀರಿಕೊಂಡರು. ಒಬ್ಬ ಡಾಕ್ಟರ್ ಮತ್ತು ನರ್ಸ್‌ಗಳು ಅಮಾನತಾದರು. ಕಾರ್ಡ್ ಕೇಳುವ ಕೈ ಮೊದಲು ನಾಡಿ ಹಿಡಿದಿದ್ದರೆ ಆ ಮೂರು ಜೀವ ಉಳಿಯುತ್ತಿದ್ದವೋ ಏನೋ, ಅಲ್ಲಾಹನೇ ಬಲ್ಲ. ಆದರೆ ಹಿಡಿಯಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ.

ಎರಡನೆಯ ಮಿತಿ ನಿಷೇಧ. ರೋಗಿ ಒಪ್ಪಿದರೂ, ಕೈ ಮುಗಿದು ಕೇಳಿದರೂ ಮಾಡಬಾರದ್ದು ಇದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ. 2023ರ ಕೊನೆಗೆ ಬೆಂಗಳೂರು ಪೊಲೀಸರು ಬಯಲಿಗೆ ತಂದ ಜಾಲ ನಮ್ಮ ಮೈಸೂರಿನವರಿಗೆ ನೆನಪಿರಬಹುದು. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್, ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಗರ್ಭಪಾತ ಎಂಬ ಆರೋಪದ ಮೇಲೆ ವೈದ್ಯರು, ಲ್ಯಾಬ್ ಟೆಕ್ನಿಷಿಯನ್‌ಗಳು ಬಂಧನಕ್ಕೊಳಗಾದರು. ಮನೆಯವರೇ ಒಪ್ಪಿ, ದುಡ್ಡು ಕೊಟ್ಟು ಬಂದಿದ್ದರು ಎಂಬ ಸಬೂಬು ಅಲ್ಲಿ ಯಾರನ್ನೂ ಉಳಿಸುವುದಿಲ್ಲ.

ವಾಟ್ಸ್ಯಾಪ್‌ನಲ್ಲಿ ಬಂದ ಸ್ಕ್ಯಾನ್

ಅಮಾನತ್‌ನ ಎರಡನೆಯ ಭಾಗ ಗುಟ್ಟು. ರೋಗಿಯ ಬಗ್ಗೆ ತಿಳಿದದ್ದನ್ನು ಹೊರಗೆ ಹೇಳಬಾರದು ಎಂಬುದು ಆ 2002ರ ನಿಯಮಾವಳಿಯಲ್ಲೇ ಇದೆ. ಕೋರ್ಟ್ ಕೇಳಿದರೆ, ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದರೆ, ಸರ್ಕಾರಕ್ಕೆ ತಿಳಿಸಲೇಬೇಕಾದ ಸಾಂಕ್ರಾಮಿಕ ರೋಗವಾದರೆ ಮಾತ್ರ ವಿನಾಯಿತಿ. ಎಚ್‌ಐವಿ ಮತ್ತು ಮಾನಸಿಕ ಕಾಯಿಲೆಯ ಬಗ್ಗೆ 2017ರ ಎರಡು ಪ್ರತ್ಯೇಕ ಕಾನೂನುಗಳೇ ಇವೆ, ಅವು ಇನ್ನೂ ಬಿಗಿ.

ನಮ್ಮಲ್ಲಿ ಈ ನಿಯಮ ಮುರಿಯುವುದು ದ್ವೇಷದಿಂದ ಅಲ್ಲ, ಸಂಬಂಧದಿಂದ. ಆಸ್ಪತ್ರೆಯಲ್ಲಿ ನಮ್ಮ ಹುಡುಗ ಇದ್ದಾನೆ ಎಂದರೆ ಇಡೀ ಕುಟುಂಬ ಅವನಿಗೆ ಫೋನ್ ಮಾಡುತ್ತದೆ. ‘ಇಂಥವರು ಅಡ್ಮಿಟ್ ಆಗಿದ್ದಾರಂತೆ, ಏನಾಗಿದೆ?’ ಅವನು ಪಾಪ, ಹೇಳುತ್ತಾನೆ. ಸಂಜೆಯೊಳಗೆ ಸ್ಕ್ಯಾನ್ ರಿಪೋರ್ಟ್ ಫ್ಯಾಮಿಲಿ ಗ್ರೂಪಿನಲ್ಲಿ ಬಿದ್ದಿರುತ್ತದೆ. ‘ದುಆ ಮಾಡಿ’ ಎಂದು ಕೆಳಗೆ ಬರೆದಿರುತ್ತಾರೆ. ಇನ್ನೂ ಕೆಟ್ಟದ್ದು ಮದುವೆ ಮಾತುಕತೆಯ ಸಮಯದಲ್ಲಿ ನಡೆಯುತ್ತದೆ. ಹುಡುಗಿಗೆ ಹಿಂದೆ ಏನಾದರೂ ಟ್ರೀಟ್‌ಮೆಂಟ್ ಆಗಿತ್ತಾ, ಮಾನಸಿಕ ಡಾಕ್ಟರ್ ಹತ್ತಿರ ಹೋಗಿದ್ದಳಾ ಅಂತ ಆಸ್ಪತ್ರೆಯಲ್ಲಿರುವ ಪರಿಚಯದ ನರ್ಸ್‌ನಿಂದ, ಮೆಡಿಕಲ್ ಶಾಪ್‌ನ ಹುಡುಗನಿಂದ ವಿಚಾರಿಸುತ್ತಾರೆ. ಮೂರು ತಿಂಗಳು ನಿದ್ದೆ ಮಾತ್ರೆ ತೆಗೆದುಕೊಂಡ ಹುಡುಗಿಯ ಸಂಬಂಧ ಹಾಗೆ ಮುರಿಯುತ್ತದೆ. ಮುಂದೆ ಆ ಊರಿನ ಇನ್ಯಾವ ಹುಡುಗಿಯೂ ಖಿನ್ನತೆಗೆ ಡಾಕ್ಟರ್ ಹತ್ತಿರ ಹೋಗುವುದಿಲ್ಲ. ನಮಗೆ ಹೆಚ್ಚು ಭಯವಾಗುವುದು ಇದಕ್ಕೆ. ಗುಟ್ಟು ಉಳಿಯುವುದಿಲ್ಲ ಎಂದು ಗೊತ್ತಾದರೆ ಕಾಯಿಲೆ ಮನೆಯೊಳಗೇ ಅಡಗಿಕೊಳ್ಳುತ್ತದೆ.

ಆದ್ದರಿಂದ ನಮ್ಮ ಮಕ್ಕಳು ‘ಅದನ್ನು ಹೇಳುವ ಹಾಗಿಲ್ಲ ಮಾಮ, ಅವರ ಹತ್ತಿರವೇ ಕೇಳಿ’ ಎಂದು ಹೇಳುವುದನ್ನು ಕಲಿಯಬೇಕು. ಹೇಳಿದಾಗ ಮಾಮ ಮುನಿಸಿಕೊಳ್ಳಬಾರದು.

ಕಲಿತದ್ದನ್ನೇ ಮಾಡು

ಇಷ್ಟು ಹೇಳಿದ ಮೇಲೆ ಚಿಕಿತ್ಸೆ ಮಾಡುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ರೋಗಿ ನಂಬಿ ಒಪ್ಪಿಗೆ ಕೊಡುವುದು ಎದುರಿಗಿರುವವರಿಗೆ ಆ ವಿದ್ಯೆ ಗೊತ್ತಿದೆ ಎಂದು. ಗೊತ್ತಿಲ್ಲದಿದ್ದರೆ ಆ ಒಪ್ಪಿಗೆಯೂ ಟೊಳ್ಳು.

ಇದರ ಬಗ್ಗೆ ಹದೀಸ್ ಇದೆ. ವೈದ್ಯ ವಿದ್ಯೆ ಗೊತ್ತಿರುವವನೆಂದು ಹೆಸರಿಲ್ಲದವನು ಚಿಕಿತ್ಸೆ ಮಾಡಿ ಹಾನಿಯಾದರೆ ಅದಕ್ಕೆ ಅವನೇ ಹೊಣೆ ಎಂಬ ಅರ್ಥದ ಪ್ರವಾದಿ(ಸ) ವಚನ ಅಬೂದಾವೂದ್, ನಸಾಈ, ಇಬ್ನುಮಾಜ ಸಂಗ್ರಹಗಳಲ್ಲಿ ಬಂದಿದೆ. ಇದನ್ನು ಆಧರಿಸಿ ವೈದ್ಯನ ಹೊಣೆ ಯಾವಾಗ, ಯಾವಾಗ ಇಲ್ಲ, ರೋಗಿಯ ಅನುಮತಿ ಇಲ್ಲದೆ ಕೊಯ್ದರೆ ಏನು ಎಂದು ಉಲಮಾಗಳು ಶತಮಾನಗಳ ಹಿಂದೆಯೇ ವಿವರವಾಗಿ ಚರ್ಚಿಸಿದ್ದಾರೆ. ನಮಗೆ ಇದು ಹೊಸ ಪಾಠ ಅಲ್ಲ.

ಭಾರತದ ಕಾನೂನು ಹೇಳುವುದೂ ಇದನ್ನೇ. ಮುಂಬಯಿಯಲ್ಲಿ ಹೋಮಿಯೋಪಥಿ ಓದಿದ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟರು, ರೋಗಿ ತೀರಿಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್, ತಾನು ಕಲಿಯದ ಪದ್ಧತಿಯ ಔಷಧ ಕೊಟ್ಟದ್ದೇ ನಿರ್ಲಕ್ಷ್ಯ, ಬೇರೆ ಸಾಕ್ಷಿ ಬೇಡ ಎಂದು 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಅಡೂರು ಆರೋಗ್ಯ ಕೇಂದ್ರದಲ್ಲಿ ಏಳು ವರ್ಷದ ಹುಡುಗನ ಕೆನ್ನೆಯ ಗಾಯಕ್ಕೆ ಹೊಲಿಗೆ ಹಾಕುವ ಬದಲು ನರ್ಸ್ ಒಬ್ಬರು ಫೆವಿಕ್ವಿಕ್ ಹಚ್ಚಿದ್ದು ಎಲ್ಲರಿಗೂ ಗೊತ್ತು. ಹೊಲಿಗೆ ಹಾಕಿದರೆ ಮುಖದಲ್ಲಿ ಕಲೆ ಉಳಿಯುತ್ತದೆ, ತಾನು ಹಿಂದೆಯೂ ಹೀಗೆ ಮಾಡಿದ್ದೇನೆ ಎಂದರಂತೆ. ಮಗುವಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದರೂ ಇರಬಹುದು. ಆದರೆ ಕಾನೂನು ಕೇಳುವುದು ಬೇರೆ ಪ್ರಶ್ನೆ: ಅದೇ ಕೆಲಸದ, ಅಷ್ಟೇ ಕಲಿತ ಇನ್ನೊಬ್ಬರು ಹೀಗೆ ಮಾಡುತ್ತಿದ್ದರೇ? ಆ ನರ್ಸ್ ಅಮಾನತಾದರು.

ನಮ್ಮ ಮೊಹಲ್ಲಾಗಳಲ್ಲಿ ಹಿಜಾಮ ಶಿಬಿರ ನಡೆಯುತ್ತವೆ, ಸಾಮೂಹಿಕ ಸುನ್ನತ್ ನಡೆಯುತ್ತದೆ. ನಡೆಯಲಿ. ಆದರೆ ಬ್ಲೇಡ್ ಹಿಡಿಯುವವರು ಯಾರು, ಅವರ ನೋಂದಣಿ ಸಂಖ್ಯೆ ಏನು, ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸುತ್ತಾರಾ, ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಮೊದಲೇ ಕೇಳುತ್ತಾರಾ, ಹೆಚ್ಚು ಕಡಿಮೆಯಾದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂಬುದನ್ನು ಕಮಿಟಿಯವರು ಕೇಳಿಯೇ ಬ್ಯಾನರ್ ಕಟ್ಟಬೇಕು. ಸುನ್ನತ್ ಎಂದರೆ ಪುಣ್ಯದ ಕೆಲಸ, ಹೌದು. ಪುಣ್ಯದ ಕೆಲಸಕ್ಕೆ ತುಕ್ಕು ಹಿಡಿದ ಬ್ಲೇಡ್ ಸಾಕು ಎಂದು ಯಾವ ಕಿತಾಬ್‌ನಲ್ಲೂ ಇಲ್ಲ.

ಬರೆದಿಟ್ಟದ್ದೇ ಇಬ್ಬರಿಗೂ ಕಾವಲು

‘ಇಷ್ಟೆಲ್ಲ ಕಾನೂನು ಹೇಳಿದರೆ ಮಕ್ಕಳು ಡಾಕ್ಟರ್ ಆಗಲು ಹೆದರುತ್ತಾರೆ’ ಎನ್ನುವವರಿದ್ದಾರೆ. ನಿಜ ಹೇಳಬೇಕೆಂದರೆ ಹೆದರಬೇಕಾಗಿಲ್ಲ. ಗುಣವಾಗುತ್ತದೆ ಎಂಬ ಗ್ಯಾರಂಟಿಯನ್ನು ಕಾನೂನು ಯಾವ ಡಾಕ್ಟರ್‌ನಿಂದಲೂ ಕೇಳುವುದಿಲ್ಲ. ರೋಗಿ ತೀರಿಕೊಂಡ ಮಾತ್ರಕ್ಕೆ ಡಾಕ್ಟರ್ ಅಪರಾಧಿ ಆಗುವುದಿಲ್ಲ, ಕ್ರಿಮಿನಲ್ ಕೇಸ್ ಆಗಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು, ಪೊಲೀಸರು ಮುಂದುವರಿಯುವ ಮೊದಲು ಬೇರೆ ಡಾಕ್ಟರ್‌ರಿಂದ ನಿಷ್ಪಕ್ಷ ಅಭಿಪ್ರಾಯ ಪಡೆಯಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಲ್ಲೂ ನಿರ್ಲಕ್ಷ್ಯದಿಂದ ಸಾವಾದರೆ ಇತರರಿಗೆ 5 ವರ್ಷದ ತನಕ ಶಿಕ್ಷೆ ಇದ್ದರೆ, ಚಿಕಿತ್ಸೆ ವೇಳೆ ಹಾಗಾದರೆ ನೋಂದಾಯಿತ ವೈದ್ಯರಿಗೆ ಗರಿಷ್ಠ 2 ವರ್ಷ.

ಡಾಕ್ಟರ್ ಉಳಿಯುವುದು ಬರೆದಿಟ್ಟ ಕಾಗದದಿಂದ. ಏನು ಹೇಳಿದೆ, ರೋಗಿ ಏನು ಕೇಳಿದರು, ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟೆ ಎಂದು ಆಗಲೇ ಬರೆದವರಿಗೆ ನಾಲ್ಕು ವರ್ಷದ ನಂತರವೂ ಉತ್ತರ ಇರುತ್ತದೆ. ಬರೆಯದವರು ಎಷ್ಟೇ ಚೆನ್ನಾಗಿ ನೋಡಿಕೊಂಡಿದ್ದರೂ ಕೋರ್ಟ್‌ನಲ್ಲಿ ಬರಿಗೈ. ಆ ಕಾಗದದ ಮೇಲೆ ರೋಗಿಗೂ ಹಕ್ಕಿದೆ. ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು 2002ರ ನಿಯಮ.

ಇದು ನಮ್ಮ ಜನಕ್ಕೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಏನಾದರೂ ಆದರೆ ನಮಗೆ ಗೊತ್ತಿರುವುದು ಎರಡೇ ದಾರಿ. ಒಂದು, ಎಲ್ಲ ತಖ್ದೀರ್ ಎಂದು ಸುಮ್ಮನಾಗುವುದು. ಇನ್ನೊಂದು, ಐವತ್ತು ಜನ ಸೇರಿಸಿಕೊಂಡು ಆಸ್ಪತ್ರೆಯ ಗ್ಲಾಸು ಒಡೆಯುವುದು. ತಖ್ದೀರ್‌ನಲ್ಲಿ ನಂಬಿಕೆ ನಮ್ಮ ಈಮಾನ್‌ನ ಭಾಗ. ಆದರೆ ಲೆಕ್ಕ ಕೇಳಬಾರದು ಎಂದು ಅದು ಹೇಳುವುದಿಲ್ಲ. ಗ್ಲಾಸು ಒಡೆದವರ ಮೇಲೆ ಕರ್ನಾಟಕದ 2009ರ ಕಾನೂನಿನಡಿ ಕೇಸ್ ಬೀಳುತ್ತದೆ, ಜೈಲು ಶಿಕ್ಷೆಯೂ ಆಗಬಹುದು. ಅಷ್ಟರಲ್ಲಿ ಮೂಲ ದೂರು ಯಾರಿಗೂ ನೆನಪಿರುವುದಿಲ್ಲ. ಗಲಾಟೆ ನಡೆದ ವಾರ್ಡ್‌ನಲ್ಲಿ ಡ್ಯೂಟಿಯಲ್ಲಿದ್ದ ನರ್ಸ್ ನಮ್ಮದೇ ಯಾವುದೋ ಮನೆಯ ಮಗಳಾಗಿರಬಹುದು.

ಮೂರನೆಯ ದಾರಿ ಇದೆ. ಮೊದಲು ಫೈಲ್‌ನ ಪ್ರತಿ ಕೇಳಿ, ಬರವಣಿಗೆಯಲ್ಲಿ ಕೇಳಿ. ಖಾಸಗಿ ಆಸ್ಪತ್ರೆಯ ಮೇಲೆ ದೂರಿದ್ದರೆ 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು. ಬಿಲ್ ಬಾಕಿ ಇದೆ ಎಂದು ಮಯ್ಯತ್ ಕೊಡದೆ ಇಟ್ಟುಕೊಳ್ಳುವಂತಿಲ್ಲ ಎಂಬುದೂ ಅದೇ ತಿದ್ದುಪಡಿಯಲ್ಲಿದೆ. ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಡಾಕ್ಟರ್‌ನ ನಡವಳಿಕೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬೇಕು. ಅಲ್ಲಿ ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ, ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಆಸ್ಪತ್ರೆ ಬರುವುದಿಲ್ಲ ಎಂದು 1995ರಲ್ಲೇ ತೀರ್ಮಾನವಾಗಿದೆ. ಸರ್ಕಾರಿ ಆಸ್ಪತ್ರೆಯ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಜಮಾಅತ್ ಕಮಿಟಿಗಳು ಪ್ರತಿ ವರ್ಷ ಡಾಕ್ಟರ್ ಆದ ಮಕ್ಕಳಿಗೆ ಶಾಲು ಹೊದಿಸುತ್ತವೆ. ಆ ದಿನ ಒಬ್ಬ ವಕೀಲರನ್ನೋ, ಹಿರಿಯ ಡಾಕ್ಟರನ್ನೋ ಕರೆಸಿ ಒಂದು ಗಂಟೆ ಈ ವಿಷಯ ಮಾತಾಡಿಸಲಿ. ಹೆಂಗಸರ ಸ್ವಲಾತ್ ಮಜ್ಲಿಸ್‌ಗಳಲ್ಲೂ ಮಾತಾಡಿಸಲಿ, ಏಕೆಂದರೆ ಸಹಿ ಅವರದ್ದು. ಆಪರೇಷನ್‌ಗೆ ಮೊದಲು ‘ಇದು ಏನು, ಯಾಕೆ, ಬೇರೆ ದಾರಿ ಇದೆಯಾ?’ ಎಂದು ಮೂರು ಪ್ರಶ್ನೆ ಕೇಳುವುದನ್ನು ನಮ್ಮ ಉಮ್ಮಂದಿರಿಗೆ, ಹೆಣ್ಣುಮಕ್ಕಳಿಗೆ ಹೇಳಿಕೊಡೋಣ. ಗಂಡಂದಿರು ಪಕ್ಕದಲ್ಲಿರಲಿ, ಕೈ ಹಿಡಿದಿರಲಿ, ದುಆ ಮಾಡಲಿ. ಪೆನ್ನನ್ನು ಮಾತ್ರ ಆಕೆಯ ಕೈಗೆ ಕೊಡಲಿ.